ಹಾಲು ಹಾಕುವವರ ಓಟು, ಬೂಸಾ ಕೊಡುವವರ ಮಾತು

ನಮ್ಮೂರು ಶ್ರೀನಿವಾಸಪುರದ ಹತ್ತಿರ. ಬೆಳಗ್ಗೆ ಆರಕ್ಕೆ ಡೇರಿಗೆ ಹಾಲು ಹಾಕುತ್ತೇನೆ, ಹತ್ತಕ್ಕೆ ಮನೆಯಲ್ಲೇ ಕೂತು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಕೋಡ್ ಬರೆಯುತ್ತೇನೆ. ಎರಡೂ ಕಡೆ ಜಗಳ ಒಂದೇ. ಯಾರ ಮಾತು ನಡೆಯಬೇಕು?

ಡೇರಿ ಲೆಕ್ಕ ಸುಲಭ, ಹಾಲು ಹಾಕಿದವರಿಗೆ ಓಟು. ಆದರೆ ಚುನಾವಣೆ ದಿನ ನೋಡಬೇಕು. ಕೊಟ್ಟಿಗೆ ಕೆಡವಿ ಕಾರ್ ಶೆಡ್ ಕಟ್ಟಿಕೊಂಡವರೂ ಇಸ್ತ್ರಿ ಷರ್ಟ್ ಹಾಕಿಕೊಂಡು ಬಂದು, ಲ್ಯಾಕ್ಟೋಮೀಟರ್ ತೇಲುವುದನ್ನು ಬಗ್ಗಿ ನೋಡಿ, "ಡಿಗ್ರಿ ಕಮ್ಮಿ ಐತೆ" ಅನ್ನುತ್ತಾರೆ. ಹಾಲು ಅವರದಲ್ಲ, ಅಭಿಪ್ರಾಯ ಮಾತ್ರ ಅವರದು.

ಓಪನ್ ಸೋರ್ಸ್‌ನಲ್ಲೂ, ಅಂದರೆ ಯಾರು ಬೇಕಾದರೂ ನೋಡಿ, ತಿದ್ದಿ, ಬಳಸಬಹುದಾದ ಸಾಫ್ಟ್‌ವೇರ್‌ನಲ್ಲೂ, ಇದೇ ಕಥೆ. ಗೀಡೋ ವಾನ್ ರಾಸಮ್ 1991ರಲ್ಲಿ ಪೈಥಾನ್ ಬಿಡುಗಡೆ ಮಾಡಿದರು. ಸಾಯುವ ತನಕ ಇವರೇ ಯಜಮಾನ, ಆದರೆ ದಯಾಳು ಯಜಮಾನ ಅಂತ ಜನ ತಮಾಷೆಗೆ ಒಂದು ಬಿರುದನ್ನೂ ಕೊಟ್ಟಿದ್ದರು. 2018ರಲ್ಲಿ ಒಂದರ ಕೆಳಗೊಂದು ಎರಡು ಚುಕ್ಕಿ, ಪಕ್ಕದಲ್ಲಿ ಒಂದು ಸಮ ಚಿಹ್ನೆ, ಈ ಹೊಸ ಗುರುತು ಭಾಷೆಗೆ ಸೇರಬೇಕೋ ಬೇಡವೋ ಅನ್ನುವ ಇಷ್ಟೇ ಇಷ್ಟು ವಿಷಯಕ್ಕೆ, ಪಾಲಿನ ಜಮೀನಿಗೆ ಅಣ್ಣತಮ್ಮಂದಿರು ಬಡಿದಾಡುವ ಹಾಗೆ ಬಡಿದಾಡಿದರು. ಗೀಡೋ ಅದನ್ನು ಒಪ್ಪಿದರು. ಆಮೇಲೆ ಇಷ್ಟು ಗುದ್ದಾಡಿ ಇಷ್ಟು ಜನರ ಸಿಟ್ಟು ಕಟ್ಟಿಕೊಳ್ಳುವುದು ಸಾಕಪ್ಪ ಅಂತ ಜುಲೈನಲ್ಲಿ ಯಜಮಾನಿಕೆ ಬಿಟ್ಟರು. ಆಗ ಬೈದವರಲ್ಲಿ ನಾನೂ ಒಬ್ಬ. ಒಂದು ಸಾಲು ಕೋಡ್ ಕೊಟ್ಟಿರಲಿಲ್ಲ, ಒಂದು ರೂಪಾಯಿ ಕೊಟ್ಟಿರಲಿಲ್ಲ. ಈಗ ಆ ಎರಡು ಚುಕ್ಕಿ ಇಲ್ಲದೆ ನನಗೆ ಕೆಲಸವೇ ಸಾಗಲ್ಲ.

ಆಮೇಲೆ 2019ರಿಂದ ಐದು ಜನರ ಮಂಡಳಿ ಬಂತು. ಓಟು ಯಾರದ್ದು? ಭಾಷೆಯನ್ನು ಕಟ್ಟುವ ಕೋರ್ ಡೆವಲಪರ್‌ಗಳದ್ದು, ಅಂದರೆ ಹಾಲು ಹಾಕುವವರದ್ದು. ನ್ಯಾಯವೇ. ಅದರಲ್ಲೊಂದು ನಿಯಮ ನನಗೆ ಬಹಳ ಇಷ್ಟ: ಒಂದೇ ಕಂಪನಿಯಲ್ಲಿ ಕೆಲಸ ಮಾಡುವವರು ಮಂಡಳಿಯಲ್ಲಿ ಇಬ್ಬರಿಗಿಂತ ಜಾಸ್ತಿ ಇರುವ ಹಾಗಿಲ್ಲ. ಸುಮ್ನೆ ಯಾರಾದರೂ ಇಂಥ ನಿಯಮ ಬರೆಯುತ್ತಾರಾ? ಬಾಗಿಲಿಗೆ ಎರಡು ಬೀಗ ಹಾಕಿದ್ದಾರೆ ಅಂದರೆ ಕಳ್ಳನ ಪರಿಚಯ ಇದೆ ಅಂತಲೇ ಅಲ್ವಾ?

ರಸ್ಟ್ ಅನ್ನುವ ಇನ್ನೊಂದು ಕಂಪ್ಯೂಟರ್ ಭಾಷೆಗೆ 2021ರಲ್ಲಿ ಒಂದು ಫೌಂಡೇಶನ್ ಆಯಿತು. ಅಮೆಜಾನ್‌ನ ಕ್ಲೌಡ್ ಕಂಪನಿ ಎಡಬ್ಲ್ಯೂಎಸ್, ಗೂಗಲ್, ಹುವಾವೆ, ಮೈಕ್ರೋಸಾಫ್ಟ್, ಮೊಜಿಲ್ಲಾ ಸ್ಥಾಪಕ ಸದಸ್ಯರು. ಭಾಷೆಯ ತೀರ್ಮಾನ ಭಾಷೆಯ ತಂಡಗಳದ್ದೇ, ಫೌಂಡೇಶನ್ನು ಬರೀ ಬೆಂಬಲಕ್ಕೆ. ನಮ್ಮೂರ ಬೂಸಾ ಅಂಗಡಿಯವನೂ ಥೇಟ್ ಹೀಗೇ ಹೇಳುತ್ತಾನೆ. ಇನ್ನು ಗೂಗಲ್‌ನವರು ಹುಟ್ಟಿಸಿದ ಭಾಷೆಗೆ ಹೆಸರೇ ಗೋ. ಹಸುವೇ ಅವರದ್ದು, ಇನ್ನು ಹಗ್ಗ ಯಾರ ಕೈಯಲ್ಲಿದೆ ಅಂತ ಕೇಳುವುದೇನು?

ಹೋದ ವಾರ ಡೇರಿಯಲ್ಲಿ ಮೀಟಿಂಗ್. ಸಾಯಂಕಾಲದ ಹಾಲಿನ ಟೈಮು ಅರ್ಧ ಗಂಟೆ ಮುಂದಕ್ಕೆ ಹಾಕಬೇಕೋ ಬೇಡವೋ ಅಂತ. ಬೂಸಾದವನು ಮೂಲೆಯ ಸ್ಟೂಲಿನ ಮೇಲೆ ಕೂತು, ಬಾಕಿ ಪುಸ್ತಕ ತೊಡೆ ಮೇಲಿಟ್ಟು, ಕಿವಿಯಲ್ಲಿದ್ದ ಪೆನ್ನು ತೆಗೆದು, "ನನ್ಗೇನ್ ಸ್ವಾಮಿ, ನಾನು ಮೆಂಬರ್ರೇ ಅಲ್ಲ, ನಿಮ್ಮಿಷ್ಟ. ಲೇಟಾದ್ರೆ ಅಂಗಡಿ ಬಾಗಿಲು ಹಾಕ್ಬಿಟ್ಟಿರ್ತೀನಿ, ಅಷ್ಟೇ" ಅಂದ. ಟೈಮು ಹಾಗೇ ಇರಲಿ ಅಂತ ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ನನ್ನದು ನಾಲ್ಕು ಮೂಟೆ ಬಾಕಿ ಇದೆ.