ಉಂ ಉಂ ಅಂದರೆ ಹೊಲಿ ಅಂತಲ್ಲ

ಬೆಳಿಗ್ಗೆ ಹತ್ತು ಗಂಟೆಗೆ ಆದದ್ದು. ಮಧ್ಯಾಹ್ನ ಊಟ ಆದರೂ ನನ್ನ ಸಿಟ್ಟು ಇಳಿದಿಲ್ಲ. ನನ್ನ ಚರ್ಮದ ಚೀಲಕ್ಕೆ ಪಟ್ಟಿ ಹೊಲಿಯಲು ಕೂತು, ಚೀಲದ ಬಾಯಿಯನ್ನೇ ಹೊಲಿದುಬಿಟ್ಟೆ. ಒಳಗಿನ ಜೇಬಿನಲ್ಲಿ ನನ್ನ ಆಧಾರ್ ಕಾರ್ಡು.

ಮಲೆನಾಡಿನಲ್ಲಿ ಚರ್ಮದ ಚೀಲ ಇಟ್ಟುಕೊಳ್ಳುವುದು ಅಂದರೆ ಬೂಷ್ಟು ಸಾಕಿದ ಹಾಗೆ, ಅಲ್ವಾ? ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಆಟಿ ತಿಂಗಳಲ್ಲಿ ಬೀರು ತೆಗೆದರೆ ಬೆಲ್ಟು, ಚಪ್ಪಲಿ, ಪರ್ಸು ಎಲ್ಲದಕ್ಕೂ ಬಿಳಿ ಉಣ್ಣೆ ಬಂದಿರುತ್ತದೆ. ಒರೆಸಿ, ಬಿಸಿಲು ಬಂದ ದಿನ ಗಾಳಿಗಿಟ್ಟು, ಮತ್ತೆ ಒರೆಸಿ ನಾಲ್ಕು ಮಳೆಗಾಲ ಉಳಿಸಿಕೊಂಡಿದ್ದೆ. ಕೊನೆಗೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ಮಂಡಗದ್ದೆಯ ತಿರುವಿನಲ್ಲಿ ಪಟ್ಟಿ ಕಿತ್ತು, ಚೀಲ ಕಂಡಕ್ಟರ್ ಕಾಲ ಮೇಲೆ ಬಿತ್ತು.

ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರಿಗೆ ಕೊಟ್ಟಿದ್ದರೆ ಐದು ನಿಮಿಷದ ಕೆಲಸ. ನಾನು ಕೊಡಲಿಲ್ಲ. ಯೂಟ್ಯೂಬ್ ನೋಡಿದ್ದೆ.

ಮೊದಲು ಮನೆಯ ಹಳೇ ಮಿಷನ್ನಿನಲ್ಲಿ, ರವಿಕೆ ಹೊಲಿಯುವ 14 ನಂಬರ್ ಸೂಜಿಯಲ್ಲೇ ಪ್ರಯತ್ನಿಸಿದೆ. ಮೂರು ಸೂಜಿ ಪಟ್ ಪಟ್ ಅಂತ ಮುರಿದವು. ಹಾಗಾಗಿ ಶಿವಮೊಗ್ಗದಲ್ಲಿ ಒಂದು ಕಡೆ, ಸೀಟ್ ಕವರ್ ಹೊಲಿದು ಹಣ್ಣಾದ ಹೆವಿ ಡ್ಯೂಟಿ ಮಿಷನ್ ತಗೊಂಡೆ. "ಮೇಡಂ, ಇದು ಏನು ಕೊಟ್ಟರೂ ಹೊಲಿಯುತ್ತೆ" ಅಂದಿದ್ದರು ಮಾರಿದವರು. ಸುಳ್ಳು ಹೇಳಿಲ್ಲ ಅಂತ ಇವತ್ತು ಗೊತ್ತಾಯಿತು. ₹18,000 ಆಯಿತು. ನಮ್ಮವರಿಗೆ 8,000 ಅಂದಿದ್ದೇನೆ. ಗದ್ದೆಯ ಸಂಕ ದಾಟಿಸಲು ನಾಲ್ಕು ಜನ ಬೇಕಾಯಿತು. ಸಂಕ ಈಗ ಸ್ವಲ್ಪ ಬಾಗಿದೆ.

ಇದರ ಮೋಟಾರು ಕ್ಲಚ್ ಮೋಟಾರು. ಸ್ವಿಚ್ ಹಾಕಿದರೆ ಸಾಕು, ಹೊಲಿಯದಿದ್ದರೂ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ. ನಿಮಿಷಕ್ಕೆ 2,850 ಸುತ್ತು ಅಂತ ಅದರ ಹೊಟ್ಟೆಯ ಮೇಲೆ ಬರೆದಿದೆ. ಇರುವೆಯ ಮೇಲೆ ಕಾಲಿಟ್ಟರೂ ಅದು ಸಾಯಬಾರದು, ಅಷ್ಟು ಮೆಲ್ಲಗೆ ಪೆಡಲ್ ಒತ್ತಬೇಕು. ನಾನು ಒತ್ತಿದ್ದು ಬಾಗಿಲು ಒದ್ದ ಹಾಗೆ. ಮೊದಲ ದಿನ ದಾರದ ತುದಿ ಹಿಡಿದುಕೊಳ್ಳುವುದು ಮರೆತೆ, ಹೊಲಿಗೆಯ ಕೆಳಗಡೆ ಪಾತ್ರೆ ತಿಕ್ಕುವ ತೆಂಗಿನ ನಾರು ತಯಾರಾಯಿತು. ಎರಡನೇ ದಿನ ಹಳೇ ಬೆಲ್ಟಿನ ತುಂಡುಗಳನ್ನು ರವಿಕೆಯ ಹಾಗೆ ಒತ್ತೊತ್ತಾಗಿ ಹೊಲಿದೆ. ನೋಡೋಕೆ ಬಹಳ ಚೆಂದ. ಎಳೆದು ನೋಡಿದೆ, ಅಂಚೆ ಚೀಟಿ ಹರಿದ ಹಾಗೆ ತೂತಿನ ಸಾಲಿನಲ್ಲೇ ಬಿಟ್ಟುಕೊಂಡಿತು. ಚರ್ಮಕ್ಕೆ ಹೊಲಿಗೆ ದೂರ ದೂರ ಇರಬೇಕಂತೆ, ಮೂರ್ನಾಲ್ಕು ಮಿಲಿಮೀಟರ್. ಸೂಜಿಯೂ ಬೇರೆ, ತುದಿ ಚರ್ಮವನ್ನು ಕೊಯ್ದು ಹೋಗುವಂಥದ್ದು. ನನ್ನದು 18 ನಂಬರ್, 1.1 ಮಿಲಿಮೀಟರ್ ದಪ್ಪ. ಗುಂಡುಪಿನ್ನು ಚುಚ್ಚುವ ಹಾಗಿಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪೇ ಗತಿ. ಬಟ್ಟೆಯಲ್ಲಾದರೆ ತಪ್ಪು ಹೊಲಿಗೆ ಬಿಚ್ಚಿ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಚರ್ಮದಲ್ಲಿ ಒಮ್ಮೆ ಬಿದ್ದ ತೂತು ಬಿದ್ದ ಹಾಗೇ.

ಇಷ್ಟೆಲ್ಲ ಕಲಿತೇ ಇವತ್ತು ಚೀಲಕ್ಕೆ ಕೈ ಹಾಕಿದ್ದು. ನಡುವೆ ಬಂದದ್ದು ಮಾವಯ್ಯನ ಕವಳ.

ಮಿಷನ್ ಇರುವುದು ಜಗಲಿಯಲ್ಲಿ, ಮಾವಯ್ಯ ಇರುವುದೂ ಜಗಲಿಯಲ್ಲಿ. ಕಾಫಿ ಆದ ಕೂಡಲೆ ಎಲೆ, ಸುಣ್ಣ, ಅಡಿಕೆ, ಚೂರು ಹೊಗೆಸೊಪ್ಪು ಬಾಯಿಗೆ ಹೋಯಿತು ಅಂದರೆ ಮುಂದಿನ ಮಾತೆಲ್ಲ ಉಂ ಉಂ. ಮಾತಾಡಲೇಬೇಕು ಅಂದರೆ ಎದ್ದು, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು, ಅಂಗಳದ ತುದಿಯ ದಾಸವಾಳದ ಬುಡಕ್ಕೆ ಹೋಗಿ ಉಗಿದು, ವಾಪಸ್ ಬರಬೇಕು. ಅಷ್ಟರಲ್ಲಿ ಆಗುವುದೆಲ್ಲ ಆಗಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಎಚ್ಚರಿಕೆಗಳೆಲ್ಲ ಭೂತಕಾಲದಲ್ಲೇ ಬರುತ್ತವೆ. "ಹಾಲು ಉಕ್ತಾ ಇತ್ತು." "ಬಾಳೆಗೊನೆಗೆ ಮಂಗ ಬಂದಿತ್ತು." ಹೋದ ತಿಂಗಳು ಗ್ಯಾಸ್ ಸಿಲಿಂಡರ್ ಗಾಡಿ ರಸ್ತೆಯಲ್ಲಿ ನಿಂತು, ಹಾರ್ನ್ ಹೊಡೆದು, ಹೋಗಿಯೂ ಆಯಿತು. ಆಮೇಲೆ ಮಾವಯ್ಯ ಬಾಯಿ ಒರೆಸಿಕೊಳ್ಳುತ್ತಾ ಬಂದು "ಗ್ಯಾಸಿನವ ಬಂದಿದ್ದ" ಅಂದರು.

ಇವತ್ತೂ ಎದುರಿಗೇ ಕೂತಿದ್ದರು. ಪಟ್ಟಿ ಇಟ್ಟೆ, ಕ್ಲಿಪ್ ಹಾಕಿದೆ, ಮೊದಲ ನಾಲ್ಕು ಹೊಲಿಗೆ ಚಕ್ರವನ್ನು ಕೈಯಲ್ಲೇ ತಿರುಗಿಸಿದೆ. ಮಾವಯ್ಯ "ಉಂ" ಅಂದರು. ಸರಿ ಇದೆ ಅಂತಿದ್ದಾರೆ ಅಂದುಕೊಂಡೆ. ಪೆಡಲ್ ಒತ್ತಿದೆ. "ಉಂ ಉಂ!" ಕುತ್ತಿಗೆ ಮೇಲೆತ್ತಿ, ತುಟಿ ಬಿಗಿಹಿಡಿದು, ಬೆರಳು ಬೇರೆ ತೋರಿಸುತ್ತಿದ್ದಾರೆ. ಮದುವೆಯಾಗಿ ಹನ್ನೊಂದು ವರ್ಷ, ನನ್ನ ಕೆಲಸ ನೋಡಿ ಇವರು ಇಷ್ಟು ಹುರುಪಿನಲ್ಲಿ ಇದ್ದದ್ದು ನಾನು ಕಂಡಿರಲಿಲ್ಲ. ನನಗೂ ಹುರುಪು ಬಂತು. ಇನ್ನಷ್ಟು ಒತ್ತಿದೆ. "ಉಂ ಉಂ ಉಂ ಉಂ!" ಡರ್ರ್ ಅಂತ ಈ ತುದಿಯಿಂದ ಆ ತುದಿ ಮುಟ್ಟಿತು. ಒಂದು ಹೊಲಿಗೆ ಸೊಟ್ಟ ಇಲ್ಲ. ತಲೆ ಎತ್ತಿ ನೋಡಿದರೆ ಮಾವಯ್ಯ ದಾಸವಾಳದ ಹತ್ತಿರ ಇದ್ದರು.

ಬಂದವರು ನಿಧಾನಕ್ಕೆ ಕೂತು, "ಚೀಲದ ಆ ಮಗ್ಗುಲು ಕೆಳಗೆ ಮಡಚಿ ಸಿಕ್ಕಿತ್ತು" ಅಂದರು.

"ಮೊದಲೇ ಹೇಳಬಾರದಿತ್ತಾ ಮಾವಯ್ಯ?"

"ಹೇಳಿದ್ನಲ್ಲೆ ಮಾರಾಯ್ತಿ! ಎಷ್ಟು ಸಲ ಹೇಳೋದು?"

ಬ್ಲೇಡು ತಂದು ಒಂದೊಂದೇ ಹೊಲಿಗೆ ಕೊಯ್ದೆ. ಬಾಯಿ ಬಿಟ್ಟುಕೊಂಡಿತು, ಆಧಾರ್ ಕಾರ್ಡೂ ಸಿಕ್ಕಿತು. ಎರಡೂ ಮಗ್ಗುಲಿಗೆ ತೂತಿನ ಸಾಲು ಮಾತ್ರ ಉಳಿಯಿತು. ನಾನು ಮಾತಾಡಲಿಲ್ಲ. ಮಾವಯ್ಯ ಎದ್ದು ಒಳಗೆ ಹೋಗಿ, ಅಡಿಕೆ ಮೂಟೆ ಹೊಲಿಯುವ ದಬ್ಬಣ ತಂದರು. ಅದು ಅತ್ತೆಯದು. ಅತ್ತೆ ಹೋಗಿ ನಾಲ್ಕು ವರ್ಷ, ದಬ್ಬಣ ಆ ಗೋಡೆ ಮೊಳೆಯಿಂದ ಇಳಿದದ್ದೇ ಇಲ್ಲ. ತುಕ್ಕನ್ನು ಪಂಚೆಯ ಅಂಚಿನಲ್ಲಿ ತಿಕ್ಕಿ, ಹುರಿ ಪೋಣಿಸಿ, ನನ್ನ ಮಿಷನ್ ಹೊಡೆದ ತೂತಿನಲ್ಲೇ ಎರಡು ಮೂರು ಬಿಟ್ಟು ಒಂದರಂತೆ, ಅಗಲ ಮಾಡಿಕೊಂಡು ಪಟ್ಟಿ ಹೊಲಿಯತೊಡಗಿದರು.

"ಮೂಟೆ ಬಾಯಿ ನಾನು ಹಿಡ್ಕಂಡಿರ್ತಿದ್ದೆ, ಅವಳು ಹೊಲೀತಿದ್ಲು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವಳಿಗೆ ಉಂ ಅಂದ್ರೆ ಅರ್ಥ ಆಗ್ತಿತ್ತು."

ನಿಜ. ಮಂಗ ಬಂದರೆ ಯಾವ ಉಂ, ಕಾಫಿ ಬೇಕಾದರೆ ಯಾವ ಉಂ ಅಂತ ಅತ್ತೆಗೆ ಅಡಿಗೆಮನೆಯೊಳಗಿದ್ದೇ ತಿಳಿಯುತ್ತಿತ್ತು. ನಾನು ಚೀಲದ ಬಾಯಿ ಹಿಡಿದುಕೊಂಡು ಕೂತೆ.

ಹೊಲಿದು ಮುಗಿಸಿ ಎಳೆದು ನೋಡಿದರು. ಗಟ್ಟಿ. "ತೂತು ಚೆನ್ನಾಗಿ ಹೊಡೀತದೆ ನಿನ್ನ ಮಿಷನ್ನು" ಅಂದು ಎಲೆಗೆ ಸುಣ್ಣ ಹಚ್ಚಿದರು. "ಎಷ್ಟು ಕೊಟ್ಟೆ?" ಬಾಯಿ ತಪ್ಪಿ ನಿಜವಾದ ರೇಟು ಹೇಳಿಬಿಟ್ಟೆ.

ಊಟಕ್ಕೆ ಬಂದ ನಮ್ಮವರು ಜಗಲಿಯಲ್ಲಿ ನಿಂತು, "ಮಿಷನ್ ಹೇಗೆ ಅಪ್ಪಯ್ಯ? ಎಂಟು ಸಾವಿರಕ್ಕೆ ಅಡ್ಡಿಲ್ವಾ?" ಅಂತ ಕೇಳಿದರು. ಮಾವಯ್ಯನ ಕಣ್ಣು ಅಗಲವಾಯಿತು. "ಉಂ ಉಂ" ಅಂದರು. ಮಂಡಿ ಹಿಡಿದು ಏಳಲು ನೋಡಿದರು, ದಾಸವಾಳದ ಕಡೆಗೆ.

ನಾನು ಓಡಿ ಬಂದು ಹರಿವಾಣ ಎಳೆದುಕೊಂಡೆ. ಒಳ್ಳೆ ದೊಡ್ಡ ಎಲೆ ಆರಿಸಿ, ಅಡಿಕೆ ಸ್ವಲ್ಪ ಜಾಸ್ತಿಯೇ ಹಾಕಿ ಮಡಚಿ, "ಕೂತ್ಕೊಳಿ ಮಾವಯ್ಯ, ಇನ್ನೊಂದು ಹಾಕ್ಕೊಳಿ" ಅಂತ ಬಾಯಿಯ ಹತ್ತಿರವೇ ಹಿಡಿದೆ.