ಮನೆಯೇ ಇಲ್ಲದವರ ಹೋಮ್ ಮ್ಯಾಚ್

ಬೆಳಗ್ಗೆ ಐದೂವರೆಗೆ ನಾನು ಕತ್ತಲಲ್ಲಿ ಫೋನ್ ಹಿಡಿದು ಕೂತಿದ್ದರೆ ನನ್ನ ಹೆಂಡತಿಗೆ ಗೊತ್ತಾಗಿಬಿಡುತ್ತದೆ. "ಶುರುವಾಯ್ತಾ ನಿಮ್ಮ ದ್ವೀಪದವರ ಆಟ?" ಅನ್ನುತ್ತಾಳೆ. ಹೇಗೂ ಎದ್ದಿದ್ದೀರಿ, ಹಾಲು ತಂದುಬಿಡಿ ಅನ್ನುವುದು ಅದರ ಒಳಾರ್ಥ. ಡೊಮಿನಿಕನ್ ರಿಪಬ್ಲಿಕ್‌ನ ರಾಜಧಾನಿ ಸಾಂಟೊ ಡೊಮಿಂಗೊದಲ್ಲಿ ರಾತ್ರಿ ಎಂಟು ಅಂದರೆ ನಮಗೆ ಮುಂಜಾನೆ ಐದೂವರೆ. ಕಾನ್ಕಕಾಫ್ ಅಂದರೆ ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ನಿನ ಫುಟ್‌ಬಾಲ್ ಒಕ್ಕೂಟ; ಆಗಸ್ಟ್‌ನಿಂದ ಡಿಸೆಂಬರ್ ತನಕ ಅದರ ಕ್ಲಬ್ ಟೂರ್ನಿ ಕೆರಿಬಿಯನ್ ಕಪ್ ನಡೆಯುವಷ್ಟು ದಿನ ನಮ್ಮ ಮನೆಗೆ ಹಾಲು ತರುವುದು ನಾನೇ.

ಫುಟ್‌ಬಾಲ್ ನೋಡುವ ಗೆಳೆಯರು ನಗುತ್ತಾರೆ. ಇಂಗ್ಲೆಂಡಿನ ಲೀಗ್ ಬಿಟ್ಟು ಇದ್ಯಾವುದಪ್ಪ, ಹೆಸರೇ ಕೇಳದ ಕ್ಲಬ್‌ಗಳು ಅಂತ. ನಗಲಿ. ಅಲ್ಲಿ ಆಟ ಕೆಲವೊಮ್ಮೆ ಸಾಧಾರಣವಾಗಿರುತ್ತದೆ, ನಾನೇ ಒಪ್ಪುತ್ತೇನೆ. ಮೈದಾನ ಗುಂಡಿ ಬಿದ್ದಿರುತ್ತದೆ, ಸ್ಟ್ಯಾಂಡಿನಲ್ಲಿ ಜನ ಇರುವುದಿಲ್ಲ, ಕ್ಯಾಮೆರಾ ಚೆಂಡು ಬಿಟ್ಟು ಬೇರೆಲ್ಲೋ ತಿರುಗಿರುತ್ತದೆ. ಆದರೂ ಆ ಹುಡುಗರು ಅಲ್ಲಿ ತನಕ ಹೇಗೆ ಬಂದರು ಅನ್ನುವ ಕತೆ ಇದೆಯಲ್ಲ, ಅದನ್ನು ತಿಳಿದ ಮೇಲೆ ಬಿಡಲಾಗುವುದಿಲ್ಲ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಕೆರಿಬಿಯನ್ ಅಂದರೆ ಕ್ರಿಕೆಟ್. ನಮ್ಮಪ್ಪನಿಗಂತೂ ಪೋರ್ಟ್ ಆಫ್ ಸ್ಪೇನ್ ಅಂದರೆ 1976. ಭಾರತಕ್ಕೆ ಗೆಲ್ಲಲು 403 ಬೇಕಿತ್ತು, ನಮ್ಮ ಭದ್ರಾವತಿ ವಿಶಿ 112 ಹೊಡೆದರು, ಕೊನೆಯಲ್ಲಿ ಬ್ರಿಜೇಶ್ ಪಟೇಲ್ 49ಕ್ಕೆ ಔಟಾಗದೆ ಉಳಿದರು. ಈ ಕತೆಯನ್ನು ನಾನು ಊಟಕ್ಕೆ ಕೂತಾಗೆಲ್ಲ ಕೇಳಿದ್ದೇನೆ. ಹಾಗಾಗಿ ನಮಗೆ ವೆಸ್ಟ್ ಇಂಡೀಸ್ ಅನ್ನುವುದು ಒಂದು ದೇಶದ ಹಾಗೆ. ಫುಟ್‌ಬಾಲ್‌ನಲ್ಲಿ ಆ ದೇಶವೇ ಇಲ್ಲ. ಅಲ್ಲಿ ಪ್ರತಿ ದ್ವೀಪಕ್ಕೂ ತನ್ನದೇ ತಂಡ, ತನ್ನದೇ ಸಂಘ. ಕೆರಿಬಿಯನ್ ಫುಟ್‌ಬಾಲ್ ಒಕ್ಕೂಟದಲ್ಲಿ 31 ಸದಸ್ಯರಿದ್ದಾರೆ. ಅದರಲ್ಲಿ ಸ್ಪ್ಯಾನಿಷ್ ಮಾತಾಡುವವರು, ಫ್ರೆಂಚ್, ಡಚ್, ಇಂಗ್ಲಿಷ್, ಕ್ರಿಯೋಲ್ ಮಾತಾಡುವವರು ಎಲ್ಲ ಸೇರಿದ್ದಾರೆ. ಸುರಿನಾಮ್ ದ್ವೀಪವೂ ಅಲ್ಲ, ದಕ್ಷಿಣ ಅಮೆರಿಕದ ನೆಲಕ್ಕೆ ಅಂಟಿಕೊಂಡಿರುವ ದೇಶ. ಅದೂ ಇಲ್ಲೇ ಆಡುತ್ತದೆ.

ಜಮೈಕಾದ ಕಿಂಗ್‌ಸ್ಟನ್‌ನಿಂದ ಸುರಿನಾಮ್‌ನ ಪರಮಾರಿಬೊಗೆ 2,500 ಕಿಲೋಮೀಟರ್‌ಗಿಂತ ಜಾಸ್ತಿ. ನೇರ ಹಾರಿದರೆ ಬೆಂಗಳೂರಿನಿಂದ ಶ್ರೀನಗರ ಅಷ್ಟು ದೂರ ಇಲ್ಲ. ಇದು ಒಂದೇ ಟೂರ್ನಿಯ ಎರಡು ಊರುಗಳ ನಡುವಿನ ದಾರಿ! ನಡುವೆ ಬರೀ ನೀರು. ರೈಲಿಲ್ಲ, ರಾತ್ರಿ ಬಸ್ಸಿಲ್ಲ. ಪೂರ್ವದ ಸಣ್ಣ ದ್ವೀಪಗಳನ್ನು ಹೆಣೆದುಕೊಂಡು ಲಿಯಾಟ್ ಅನ್ನುವ ವಿಮಾನ ಕಂಪನಿ ಒಂದಿತ್ತು. ಅದು ಹೊತ್ತಿಗೆ ಸರಿಯಾಗಿ ಹಾರುತ್ತಿರಲಿಲ್ಲ ಅಂತ ಆ ಅಕ್ಷರಗಳಿಗೆ 'ಲೀವ್ ಐಲ್ಯಾಂಡ್ ಎನಿ ಟೈಮ್' ಅಂತ ಬಿಡಿಸಿ ಹೇಳಿ ಅಲ್ಲಿಯವರು ಆಡಿಕೊಳ್ಳುತ್ತಿದ್ದರು. 2020ರಲ್ಲಿ ಆ ಕಂಪನಿ ಮುಳುಗಿತು. ಆಡಿಕೊಂಡವರಿಗೇ ಆಮೇಲೆ ಅದರ ಬೆಲೆ ಗೊತ್ತಾಯಿತು.

ಟೂರ್ನಿಯ ಲೆಕ್ಕ ಚುಟುಕಾಗಿ ಹೇಳುತ್ತೇನೆ. ಹಳೆಯ ಕೆರಿಬಿಯನ್ ಕ್ಲಬ್ ಚಾಂಪಿಯನ್‌ಶಿಪ್ 1997ರಲ್ಲಿ ಶುರುವಾಗಿದ್ದು. 2023ರಿಂದ ಅದರ ಜಾಗಕ್ಕೆ ಈ ಕೆರಿಬಿಯನ್ ಕಪ್ ಬಂತು. ಹತ್ತು ಕ್ಲಬ್, ಐದೈದರ ಎರಡು ಗುಂಪು. ಪ್ರತಿ ಕ್ಲಬ್‌ಗೂ ನಾಲ್ಕು ಪಂದ್ಯ, ಎರಡು ತನ್ನೂರಲ್ಲಿ, ಎರಡು ಹೊರಗೆ. ಆಮೇಲೆ ಸೆಮಿಫೈನಲ್, ಫೈನಲ್. ಮೊದಲ ಮೂರು ಸ್ಥಾನದವರಿಗೆ ಕಾನ್ಕಕಾಫ್ ಚಾಂಪಿಯನ್ಸ್ ಕಪ್‌ಗೆ ಟಿಕೆಟ್. ಅಂದರೆ ಮೆಕ್ಸಿಕೊ, ಅಮೆರಿಕದ ದೊಡ್ಡ ಕ್ಲಬ್‌ಗಳ ಎದುರು ಆಡುವ ಭಾಗ್ಯ. 2023ರಲ್ಲಿ ಸುರಿನಾಮ್‌ನ ರಾಬಿನ್‌ಹುಡ್ ಗೆದ್ದಿತು, 2024ರಲ್ಲಿ ಜಮೈಕಾದ ಕ್ಯಾವಲಿಯರ್, 2025ರಲ್ಲಿ ಮತ್ತೆ ಜಮೈಕಾ, ಮೌಂಟ್ ಪ್ಲೆಸೆಂಟ್. ರಾಬಿನ್‌ಹುಡ್ ಗೆದ್ದಾಗ ನನಗೆ ಖುಷಿಯಾಗಿದ್ದಕ್ಕೆ ಕಾರಣ ಇದೆ. 1972ರಿಂದ 1983ರೊಳಗೆ ಆ ಕ್ಲಬ್ ಇಡೀ ಖಂಡದ ಕಪ್‌ನಲ್ಲಿ ಐದು ಸಲ ಎರಡನೇ ಸ್ಥಾನಕ್ಕೇ ನಿಂತಿತ್ತು. ಐದು ಸಲ! ನಮ್ಮಲ್ಲಾಗಿದ್ದರೆ ಗ್ರಹಶಾಂತಿ ಮಾಡಿಸಿರುತ್ತಿದ್ದರು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನನಗೆ ಸಿಟ್ಟಿರುವುದು ಹೈಟಿಯ ಕ್ಲಬ್‌ಗಳ ವಿಚಾರದಲ್ಲಿ.

2021ರಲ್ಲಿ ಕೆರಿಬಿಯನ್ ಚಾಂಪಿಯನ್ ಆಗಿದ್ದು ಹೈಟಿಯ ಕವಾಲಿ. ಹೆಸರು ಕೇಳಿ ಹಾಡುವ ಕವ್ವಾಲಿ ಅಂದುಕೊಳ್ಳಬೇಡಿ. ಲೆಯೊಗಾನ್ ಅನ್ನುವ ಊರಿನ ಕ್ಲಬ್ ಅದು. 2010ರ ಜನವರಿಯ ಭೂಕಂಪದ ಕೇಂದ್ರಕ್ಕೆ ಹತ್ತಿರ ಇದ್ದ ಊರು, ಬಹುಪಾಲು ಕಟ್ಟಡ ನೆಲಕ್ಕೆ ಬಿದ್ದಿದ್ದವು. ಆ ಊರಿನ ಹುಡುಗರು ಹನ್ನೊಂದು ವರ್ಷದ ಮೇಲೆ ಇಡೀ ಕೆರಿಬಿಯನ್ ಗೆದ್ದರು. ಮುಂದಿನ ವರ್ಷ ಖಂಡದ ಕಪ್‌ನಲ್ಲಿ ಅವರಿಗೆ ಎದುರಾಳಿಯಾಗಿ ಬಂದದ್ದು ಅಮೆರಿಕದ ನ್ಯೂ ಇಂಗ್ಲೆಂಡ್ ರೆವಲ್ಯೂಷನ್. ಪಂದ್ಯ ನಡೆಯಲೇ ಇಲ್ಲ. ಆಟಗಾರರಿಗೆ ಅಮೆರಿಕದ ವೀಸಾ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ, ಕ್ಲಬ್ ಹಿಂದೆ ಸರಿಯಬೇಕಾಯಿತು. ರೆವಲ್ಯೂಷನ್ ಒಂದು ಚೆಂಡೂ ಒದೆಯದೆ ಕ್ವಾರ್ಟರ್ ಫೈನಲ್‌ಗೆ ಹೋಯಿತು. ಅಲ್ಲಿ ಮೆಕ್ಸಿಕೊದ ಪೂಮಾಸ್ ವಿರುದ್ಧ ಮೊದಲ ಪಂದ್ಯ 3-0 ಗೆದ್ದು, ಎರಡನೆಯದು 3-0 ಸೋತು, ಪೆನಾಲ್ಟಿಯಲ್ಲಿ ಮನೆಗೆ ಹೋಯಿತು. ಅವತ್ತು ನಾನು ಸಣ್ಣತನದಿಂದ ಸ್ವಲ್ಪ ನಕ್ಕೆ. ಕ್ಷಮಿಸಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತೇವಲ್ಲ, ವೀಸಾ ಕಿಟಕಿ ಅಂದರೆ ಅದೇ. ನನಗೂ ಅದರ ರುಚಿ ಗೊತ್ತು. ತಂಗಿಯ ಮಗನ ಪದವಿ ಸಮಾರಂಭಕ್ಕೆ ಅಂತ ಒಂದು ದೇಶದ ವೀಸಾಕ್ಕೆ ಹೋಗಿದ್ದೆ. ಫೈಲು ತುಂಬ ಕಾಗದ ಒಯ್ದಿದ್ದೆ, ಆ ಕಡೆಯವರು ಒಂದನ್ನೂ ತೆರೆಯಲಿಲ್ಲ. ಎರಡು ಪ್ರಶ್ನೆ ಕೇಳಿದರು, ಪಾಸ್‌ಪೋರ್ಟ್ ವಾಪಸ್ ತಳ್ಳಿದರು. ಹೊರಗೆ ಬಂದು ಎಳನೀರು ಕುಡಿದು ಬಸ್ಸು ಹತ್ತಿದೆ. ನನಗೆ ತಪ್ಪಿದ್ದು ಒಂದು ಫೋಟೊ ಅಷ್ಟೆ. ಕವಾಲಿ ಹುಡುಗರಿಗೆ ತಪ್ಪಿದ್ದು ಮತ್ತೆ ಬರುತ್ತದೋ ಇಲ್ಲವೋ ಅನ್ನುವಂಥ ಅವಕಾಶ.

ಆಮೇಲೆ ಬಂತು ವಿಯೊಲೆಟ್. ಹೈಟಿಯ ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನ ಹಳೆಯ ಕ್ಲಬ್, 1918ರಲ್ಲಿ ಹುಟ್ಟಿದ್ದು. 1984ರಲ್ಲಿ ಇಡೀ ಖಂಡದ ಚಾಂಪಿಯನ್ ಅನ್ನಿಸಿಕೊಂಡ ಕ್ಲಬ್ಬೂ ಹೌದು. ಅದು ಹೇಗೆ ಗೊತ್ತಾ? ಆ ಕಡೆಯಿಂದ ಫೈನಲ್‌ಗೆ ಬರಬೇಕಿದ್ದ ಮೆಕ್ಸಿಕೊದ ಗ್ವಾದಲಹಾರ ಮತ್ತು ನ್ಯೂಯಾರ್ಕ್‌ನ ಒಂದು ಕ್ಲಬ್ ಯಾವತ್ತು ಆಡುವುದು ಅಂತ ಜಗಳಾಡಿಕೊಂಡು ದಿನ ನಿಗದಿ ಮಾಡಲೇ ಇಲ್ಲ. ಇಬ್ಬರನ್ನೂ ಹೊರಗೆ ಹಾಕಿದರು, ಕಪ್ ವಿಯೊಲೆಟ್ ಕೈಗೆ ಬಂತು. ಪುಕ್ಕಟೆ ಸಿಕ್ಕಿದ್ದು ಅಂತ ಈಗಲೂ ಕೆಲವರು ಹಂಗಿಸುತ್ತಾರೆ. ನ್ಯೂ ಇಂಗ್ಲೆಂಡ್‌ಗೆ 2022ರಲ್ಲಿ ಪುಕ್ಕಟೆ ಸಿಕ್ಕಿದ್ದನ್ನು ಯಾರೂ ಹಂಗಿಸಲಿಲ್ಲ ನೋಡಿ.

2023ರ ಮಾರ್ಚ್‌ನಲ್ಲಿ ವಿಯೊಲೆಟ್ ಎದುರು ನಿಂತಿದ್ದು ಆಸ್ಟಿನ್. ನಮ್ಮ ಫುಟ್‌ಬಾಲ್ ಹುಡುಗರ ಆಸ್ಟಿನ್ ಟೌನ್ ಅಲ್ಲ, ಟೆಕ್ಸಸ್‌ನ ಆಸ್ಟಿನ್. ಹಿಂದಿನ ಸೀಸನ್‌ನಲ್ಲಿ ಅಮೆರಿಕದ ಲೀಗ್‌ನ ಪಶ್ಚಿಮ ವಿಭಾಗದ ಫೈನಲ್ ಆಡಿದ ತಂಡ. ಈ ಕಡೆ ಹೈಟಿಯಲ್ಲಿ ಲೀಗೇ ನಿಂತುಹೋಗಿತ್ತು. ವಿಯೊಲೆಟ್ ತಿಂಗಳುಗಟ್ಟಲೆ ಒಂದೂ ಅಧಿಕೃತ ಪಂದ್ಯ ಆಡಿರಲಿಲ್ಲ. ರಾಜಧಾನಿಯ ರಸ್ತೆಗಳು ಬಂದೂಕಿನವರ ಕೈಯಲ್ಲಿದ್ದವು. ಹೋಮ್ ಮ್ಯಾಚ್ ಹೈಟಿಯಲ್ಲಿ ಆಡಿಸಲು ಆಗದು ಅಂತ ಪಕ್ಕದ ಡೊಮಿನಿಕನ್ ರಿಪಬ್ಲಿಕ್‌ನ ಸ್ಯಾಂಟಿಯಾಗೊದಲ್ಲಿ ಇಟ್ಟರು. ಸಿಬಾವೊ ಕ್ಲಬ್‌ನ ಮೈದಾನ, ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನೊಳಗೆ ಇದೆ. ತಮಾಷೆ ಅಂದರೆ ಹಿಂದಿನ ವರ್ಷ ಕೆರಿಬಿಯನ್ ಫೈನಲ್‌ನಲ್ಲಿ ವಿಯೊಲೆಟ್ ಸೋಲಿಸಿದ್ದು ಇದೇ ಸಿಬಾವೊವನ್ನು. ಸೋತವರ ಮನೆಯ ಜಗಲಿಯಲ್ಲಿ ಕೂತು ಗೆದ್ದವರು ತಮ್ಮ ಹಬ್ಬ ಮಾಡಿದ ಹಾಗಾಯಿತು.

ಆ ಬೆಳಗ್ಗೆ ನಾನು ಹಾಲು ಮರೆತೆ. ವಿಯೊಲೆಟ್ 3, ಆಸ್ಟಿನ್ 0. ಸ್ಕೋರ್ ತಪ್ಪಾಗಿ ತೋರಿಸುತ್ತಿದ್ದಾರೇನೋ ಅಂತ ಇನ್ನೊಂದು ಕಡೆ ಹೋಗಿ ನೋಡಿ ಬಂದೆ. ಒಂದು ವಾರದ ಮೇಲೆ ಟೆಕ್ಸಸ್‌ನಲ್ಲಿ ಎರಡನೇ ಪಂದ್ಯ. ಆ ಸಲವೂ ವೀಸಾದ ಚಿಂತೆ ಇತ್ತು. ಆಸ್ಟಿನ್ 2-0 ಗೆದ್ದಿತು, ಸಾಲಲಿಲ್ಲ. ಒಟ್ಟು ಲೆಕ್ಕದಲ್ಲಿ 3-2, ವಿಯೊಲೆಟ್ ಮುಂದಿನ ಸುತ್ತಿಗೆ. ಮುಂದೆ ಮೆಕ್ಸಿಕೊದ ಲಿಯೋನ್ ಕೈಯಲ್ಲಿ ಸೋತರು, ಅದಿರಲಿ.

ಆ 'ಪಕ್ಕದ ದೇಶ' ಅನ್ನುವುದರ ಒಳಗೂ ಒಂದು ಕತೆ ಇದೆ. ಹೈಟಿ ಮತ್ತು ಡೊಮಿನಿಕನ್ ರಿಪಬ್ಲಿಕ್ ಒಂದೇ ದ್ವೀಪದ ಎರಡು ದೇಶ. ಅಣ್ಣತಮ್ಮಂದಿರ ಮನೆ ನಡುವಿನ ಗೋಡೆಯ ಹಾಗೆ ಗಡಿ. ಹಾಗೆ ಅಂದರೆ ಸುಮ್ನೆ ಮಾತಿಗಲ್ಲ, 2022ರಲ್ಲಿ ಡೊಮಿನಿಕನ್ನರು ನಿಜವಾಗಿಯೂ ಗೋಡೆ ಕಟ್ಟಲು ಶುರು ಮಾಡಿದರು. 2023ರ ಸೆಪ್ಟೆಂಬರ್‌ನಲ್ಲಿ ಒಂದು ಕಾಲುವೆಯ ಜಗಳಕ್ಕೆ ಗಡಿಯನ್ನೇ ಮುಚ್ಚಿದರು. ಹೈಟಿಯ ಕೂಲಿಗಳನ್ನು ಲಾರಿಯಲ್ಲಿ ತುಂಬಿ ಗಡಿಯಾಚೆ ಬಿಟ್ಟು ಬರುವುದು ಅಲ್ಲಿ ಹೊಸದಲ್ಲ. ಅಂಥ ನೆಲದಲ್ಲಿ ನಿಂತು 'ಇದು ನಮ್ಮ ಹೋಮ್' ಅಂತ ಆಡಬೇಕು.

ಇನ್ನು ಅವರ ನಿಜವಾದ ಹೋಮ್. ಪೋರ್ಟ್ ಔ ಪ್ರಿನ್ಸ್‌ನ ಸಿಲ್ವಿಯೊ ಕೇಟರ್ ಸ್ಟೇಡಿಯಂ. ಸಿಲ್ವಿಯೊ ಕೇಟರ್ ಅಂದರೆ ಹೈಟಿಯ ಲಾಂಗ್ ಜಂಪ್ ವೀರ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದು, ಅದೇ ವರ್ಷ 7.93 ಮೀಟರ್ ಹಾರಿ ವಿಶ್ವದಾಖಲೆ ಮಾಡಿದವರು. ಫುಟ್‌ಬಾಲನ್ನೂ ಆಡುತ್ತಿದ್ದರು. 2024ರಲ್ಲಿ ಗ್ಯಾಂಗ್‌ನವರು ಆ ಸ್ಟೇಡಿಯಂಗೆ ನುಗ್ಗಿ ವಶ ಮಾಡಿಕೊಂಡರು. ನಮ್ಮ ಕಂಠೀರವ ಕ್ರೀಡಾಂಗಣಕ್ಕೆ ಹಾಗಾದರೆ ಅಂತ ಯೋಚಿಸಿ ನೋಡಿದೆ, ಯೋಚನೆ ಮುಂದಕ್ಕೇ ಹೋಗಲಿಲ್ಲ.

ಈ ಟೂರ್ನಿಗಳಲ್ಲಿ ಎಲ್ಲ ಇಂಥ ಸಂಕಟದ ಕತೆಯೇ ಇರುತ್ತದೆ ಅಂತಲ್ಲ. ನಗು ತರಿಸುವವರೂ ಇದ್ದಾರೆ. ಕವಾಲಿ 2021ರ ಫೈನಲ್‌ನಲ್ಲಿ ಸೋಲಿಸಿದ್ದು ಸುರಿನಾಮ್‌ನ ಇಂಟರ್ ಮೊಯೆಂಗೊಟಾಪು. ಅದರ ಮಾಲೀಕ ರಾನಿ ಬ್ರುನ್ಸ್‌ವೈಕ್. ಒಂದು ಕಾಲದಲ್ಲಿ ಕಾಡಿನಲ್ಲಿ ಗೆರಿಲ್ಲಾ ಪಡೆ ಕಟ್ಟಿದವರು, ಆಗ ದೇಶದ ಉಪಾಧ್ಯಕ್ಷ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅರವತ್ತನೇ ವಯಸ್ಸಿನಲ್ಲಿ, 61ನೇ ನಂಬರಿನ ಜೆರ್ಸಿ ಹಾಕಿಕೊಂಡು ಹೊಂಡುರಾಸ್‌ನ ಒಲಿಂಪಿಯಾ ಎದುರು ತಾವೇ ಮೈದಾನಕ್ಕಿಳಿದರು. 54 ನಿಮಿಷ ಆಡಿದರು. ತಂಡ 6-0 ಸೋತಿತು. ಆಮೇಲೆ ಎದುರಾಳಿಗಳ ಕೋಣೆಗೆ ಹೋಗಿ ದುಡ್ಡು ಹಂಚಿದ್ದು ವಿಡಿಯೊದಲ್ಲಿ ಸಿಕ್ಕಿಬಿತ್ತು. ಎರಡೂ ಕ್ಲಬ್ ಟೂರ್ನಿಯಿಂದ ಹೊರಗೆ, ಅವರಿಗೆ ಮೂರು ವರ್ಷ ನಿಷೇಧ. ನಮ್ಮ ರಾಜಕಾರಣಿಗಳು ಪಂದ್ಯ ಉದ್ಘಾಟನೆ ಅಂತ ಪ್ಯಾಂಟಿನಲ್ಲೇ ಒಂದು ಸಲ ಚೆಂಡು ಒದ್ದು ಹೋಗುತ್ತಾರಲ್ಲ, ಅವರಿಗೆ ಕೈಮುಗಿಯಬೇಕು ಅನ್ನಿಸಿತು.

2025ರ ಮಾರ್ಚ್‌ನಲ್ಲಂತೂ ಇದ್ದಕ್ಕಿದ್ದಂತೆ ಎಲ್ಲರಿಗೂ ಕೆರಿಬಿಯನ್ ಕ್ಲಬ್ ಫುಟ್‌ಬಾಲ್ ನೆನಪಾಯಿತು. ಯಾಕೆಂದರೆ ಮೆಸ್ಸಿ. ಕ್ಯಾವಲಿಯರ್ ಎದುರು ಇಂಟರ್ ಮಯಾಮಿ. ನನ್ನನ್ನು ನೋಡಿ ನಕ್ಕ ಗೆಳೆಯರೇ ಫೋನ್ ಮಾಡಿ "ಲಿಂಕ್ ಇದ್ಯಾ ಗುರು?" ಅಂತ ಕೇಳಿದರು. ಮೊದಲ ಪಂದ್ಯದಲ್ಲಿ ಮೆಸ್ಸಿ ಆಡಲಿಲ್ಲ. ಎರಡನೆಯದು ಕಿಂಗ್‌ಸ್ಟನ್‌ನ ನ್ಯಾಷನಲ್ ಸ್ಟೇಡಿಯಂನಲ್ಲಿ. ಮೆಸ್ಸಿ ಬೆಂಚಿನಲ್ಲಿ ಕೂತಿದ್ದರು, ಎರಡನೇ ಅರ್ಧದಲ್ಲಿ ಇಳಿದರು, ಕೊನೆಗೊಂದು ಗೋಲು ಹೊಡೆದರು. ಎರಡೂ ಪಂದ್ಯ 2-0. ತವರಿನ ತಂಡದ ಮೇಲೆ ಗೋಲು ಬಿತ್ತು, ತವರಿನ ಜನ ಎದ್ದು ಕುಣಿದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಮೆಸ್ಸಿ ನಮ್ಮೂರಿಗೆ ಬಂದರೆ ನಾನೂ ಕುಣಿಯುತ್ತೇನೆ. ಆದರೆ ಮೆಸ್ಸಿ ಬಂದ ದಿನವನ್ನೇ ಹಿಡಿದುಕೊಂಡು "ನೋಡಿ, ಕೆರಿಬಿಯನ್ ಫುಟ್‌ಬಾಲ್ ಎಷ್ಟು ಬೆಳೆದಿದೆ" ಅಂತ ಬೀಗುವುದು ನನಗೆ ಹಿಡಿಸುವುದಿಲ್ಲ. ಅಂದು ಅಮೆರಿಕದ ಕ್ಲಬ್ ವಿಮಾನ ಹತ್ತಿ ಬಂತು, ಆಡಿತು, ಹೋಯಿತು. ಯಾರ ವೀಸಾದ ಸುದ್ದಿಯನ್ನೂ ನಾವು ಓದಲಿಲ್ಲ.

ಹೊಸ ಕಪ್‌ನಲ್ಲಿ ಒಳ್ಳೆಯದು ಇಲ್ಲವೇ? ಇದೆ. ಹತ್ತು ಕ್ಲಬ್‌ಗೂ ಎರಡೆರಡು ಹೋಮ್ ಪಂದ್ಯ ಗ್ಯಾರಂಟಿ ಅನ್ನುವುದು ಸಣ್ಣ ಮಾತಲ್ಲ. ಮೊದಲೆಲ್ಲ ಒಂದು ಗುಂಪಿನ ಅಷ್ಟೂ ಪಂದ್ಯ ಒಂದೇ ಊರಲ್ಲಿ ಮುಗಿಸಿಬಿಡುತ್ತಿದ್ದರು, ಉಳಿದ ಊರಿನ ಜನ ತಮ್ಮ ಕ್ಲಬ್ಬನ್ನು ಕಣ್ಣಾರೆ ನೋಡುತ್ತಲೇ ಇರಲಿಲ್ಲ. ಆದರೆ ಎರಡು ಹೋಮ್ ಪಂದ್ಯ ಅನ್ನುವ ನಿಯಮ ಹೋಮ್ ಇರುವವರಿಗೆ ಮಾತ್ರ ಅಲ್ವಾ.

2025ರ ನವೆಂಬರ್‌ನಲ್ಲಿ ಹೈಟಿಯ ದೇಶದ ತಂಡ 1974ರ ನಂತರ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ನಿಕರಾಗುವಾವನ್ನು 2-0 ಸೋಲಿಸಿದ ಆ ಪಂದ್ಯವೂ 'ಹೋಮ್' ಪಂದ್ಯವೇ. ಆಡಿದ್ದು ಕ್ಯುರಸಾವೊದಲ್ಲಿ, ನಡುವೆ ಸಮುದ್ರ ಇರುವ ಇನ್ನೊಂದು ದೇಶದಲ್ಲಿ. ಜನ ಹೈಟಿಯಲ್ಲಿ ಹಬ್ಬ ಮಾಡಿದರು, ತಂಡ ಅಲ್ಲೆಲ್ಲೋ ಇತ್ತು.

ನನ್ನ ಪ್ರಶ್ನೆ ಒಂದೇ. ಹೈಟಿ ಸುರಕ್ಷಿತವಲ್ಲ, ಅದಕ್ಕೆ ವಿಯೊಲೆಟ್ ಬೇರೆ ದೇಶಕ್ಕೆ ಹೋಗಿ ಆಡಲಿ ಅಂತ ಕಾನ್ಕಕಾಫ್ ಹೇಳಿತು. ಸರಿ, ಯಾರ ಜೀವವೂ ಅಗ್ಗವಲ್ಲ. ಹಾಗಾದರೆ ಅಮೆರಿಕಕ್ಕೆ ಬರಲು ಕವಾಲಿಗೆ ವೀಸಾ ಸಿಗಲಿಲ್ಲ ಅಂದಾಗ, ನ್ಯೂ ಇಂಗ್ಲೆಂಡ್‌ಗೂ ಅದೇ ಮಾತು ಹೇಳಬಹುದಿತ್ತಲ್ಲ? ನಿಮ್ಮ ದೇಶದ ಬಾಗಿಲು ಅವರಿಗೆ ತೆರೆಯುತ್ತಿಲ್ಲ, ಆದ್ದರಿಂದ ನಿಮ್ಮ ಹೋಮ್ ಮ್ಯಾಚನ್ನು ಕಿಂಗ್‌ಸ್ಟನ್‌ನಲ್ಲೋ ಸ್ಯಾಂಟಿಯಾಗೊದಲ್ಲೋ ಆಡಿ ಅಂತ. ಊಟಕ್ಕೆ ಕರೆದವರು ಬಾಗಿಲು ತೆರೆಯದಿದ್ದರೆ ಎಲೆಯನ್ನು ಬೀದಿಗೆ ತಂದು ಹಾಕಬೇಕು. ಬಂದ ನೆಂಟರನ್ನು ವಾಪಸ್ ಕಳಿಸಿ "ಅವರು ಬರಲಿಲ್ಲ" ಅಂತ ಬರೆದುಕೊಳ್ಳುವುದಲ್ಲ.

ಆದರೆ ಆ 2022ರ ದಾಖಲೆಯಲ್ಲಿ ಇವತ್ತಿಗೂ ಹಾಗೇ ಇದೆ. ಕವಾಲಿ ಹಿಂದೆ ಸರಿಯಿತು ಅಂತ.