ಎಡಗಿವಿಗೊಂದು ಆಂಟೆನಾ, ಬಲಗಿವಿಗೆ ಅಮ್ಮ

ಇವತ್ತು ಬೆಳಗ್ಗೆಯಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡಿಲ್ಲ. ಕೈಗೆ ಬಂದ ಬ್ರೆಜಿಲ್ ಬಾಯಿಗೆ ಬರಲಿಲ್ಲ, ಅದಕ್ಕೆ.

ಹ್ಯಾಮ್ ರೇಡಿಯೋ ಅಂದರೆ ಮನೆಯಲ್ಲೇ ಸೆಟ್ ಇಟ್ಟುಕೊಂಡು ದೇಶವಿದೇಶದವರ ಜೊತೆ ಮಾತಾಡುವ ಹವ್ಯಾಸ. ಅದರ ಹುಚ್ಚಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 40 ಮೀಟರ್ ಬ್ಯಾಂಡ್‌ನಲ್ಲಿ, ಅಂದರೆ ಸುಮಾರು 40 ಮೀಟರ್ ಉದ್ದದ ರೇಡಿಯೋ ಅಲೆಗಳಲ್ಲಿ, ದೂರದೇಶ ಸಿಗುವುದೇ ಕತ್ತಲಲ್ಲಿ. ಸೂರ್ಯ ಮೇಲೆ ಬಂದನೋ, ರೇಡಿಯೋ ಅಲೆಯನ್ನು ಮೇಲಿನಿಂದ ವಾಪಸ್ ಕಳಿಸುವ ಅಯಾನುಗೋಳವಿದೆಯಲ್ಲ, ಅದರ ಕೆಳಗಿನ ಪದರ ಸಿಗ್ನಲ್ ನುಂಗಲು ಶುರು. ಹಾಗಾಗಿ ಹಾಲಿನವನು ಬರುವ ಮೊದಲೇ ಎದ್ದು, ಹೆಡ್‌ಫೋನ್ ಸಿಕ್ಕಿಸಿಕೊಂಡು, ಪೆನ್ನು ಹಿಡಿದು ಕೂರುವ ಜಾತಿ ನಮ್ಮದು. ಮನೆಯವರೆಲ್ಲ ಮಲಗಿರುತ್ತಾರೆ ಅನ್ನುವುದು ನಮ್ಮ ಲೆಕ್ಕಾಚಾರ. ಮನೆಯಲ್ಲಿ ಅಮ್ಮ ಇದ್ದರೆ ಆ ಲೆಕ್ಕ ಸುಳ್ಳು.

ನನ್ನ ಹತ್ತಿರ ಈಗ ಎರಡು ಆಂಟೆನಾ ಇವೆ. ಯಾಕೆ ಅಂದರೆ ಫೇಡಿಂಗ್, ದನಿ ಆಗಾಗ ಮಸುಕಾಗಿ ಮುಳುಗುವುದು. ದೂರದ ಸಿಗ್ನಲ್ ಒಂದೇ ದಾರಿಯಲ್ಲಿ ಬರುವುದಿಲ್ಲ, ಮೇಲೆ ಬಡಿದು ನಾಲ್ಕಾರು ದಾರಿ ಹಿಡಿದು ಬರುತ್ತದೆ. ಬಂದವು ಒಮ್ಮೆ ಒಂದಕ್ಕೊಂದು ಸೇರಿ ಜೋರಾಗುತ್ತವೆ, ಇನ್ನೊಮ್ಮೆ ಒಂದನ್ನೊಂದು ಹೊಡೆದುಹಾಕುತ್ತವೆ. ಸಾಲದ್ದಕ್ಕೆ ಅಡ್ಡಡ್ಡ ಹೊರಟ ಅಲೆ ಇಲ್ಲಿಗೆ ಬರುವಷ್ಟರಲ್ಲಿ ಉದ್ದುದ್ದ ತಿರುಗಿಕೊಂಡಿರುತ್ತದೆ. ಆದರೆ ಒಂದು ಆಂಟೆನಾದಲ್ಲಿ ದನಿ ಮುಳುಗಿದಾಗ ಇನ್ನೊಂದರಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇದನ್ನು 1920ರ ದಶಕದಲ್ಲೇ ಅಮೆರಿಕದ ಆರ್‌ಸಿಎ ಕಂಪನಿಯ ಬೆವರೇಜ್, ಪೀಟರ್ಸನ್ ಅನ್ನುವ ಎಂಜಿನಿಯರುಗಳು ಕಂಡುಕೊಂಡು, ಲಾಂಗ್ ಐಲ್ಯಾಂಡ್‌ನ ರಿವರ್‌ಹೆಡ್‌ನಲ್ಲಿ ದೂರದೂರಕ್ಕೆ ಮೂರು ಆಂಟೆನಾ ಹಾಕಿ ಕೂತರು. ಅವರಿಗೇನು, ಎಕರೆಗಟ್ಟಲೆ ಜಾಗ.

ನಮ್ಮದು ಮೈಸೂರಿನ 30×40 ಸೈಟು. ಮೂಲೆಯಿಂದ ಮೂಲೆಗೆ ಎಳೆದರೂ 50 ಅಡಿ. ನನ್ನ ಮೊದಲ ಆಂಟೆನಾ ಡೈಪೋಲ್, ಅಂದರೆ ಅಡ್ಡಕ್ಕೆ ಎಳೆದ ತಂತಿ, ಅದಕ್ಕೆ ಬೇಕಾದ್ದು ಸುಮಾರು 66. ಉಳಿದ ತಂತಿ ಎರಡೂ ತುದಿಯಲ್ಲಿ ಪ್ಯಾರಪೆಟ್ ದಾಟಿ ಜೋತುಬಿದ್ದಿದೆ. ಒಂದು ತುದಿಗೆ ಪಕ್ಕದ ಮನೆಯ ತೆಂಗಿನಮರ ಆಸರೆ, ಅದಕ್ಕೆ ಪ್ರತಿಯಾಗಿ ಅವರ ಕೇಬಲ್ ಟಿವಿಯ ಗ್ರಹಚಾರವನ್ನೆಲ್ಲ ನಾನೇ ನೋಡಿಕೊಡಬೇಕು. ಎರಡನೆಯ ಆಂಟೆನಾ ದೂರ ಹಾಕಲು ಜಾಗ ಎಲ್ಲಿದೆ? ಅದಕ್ಕೇ ನೀರಿನ ಟ್ಯಾಂಕ್ ಪಕ್ಕ ಒಂದು ಕಂಬ ನೆಟ್ಟಗೆ ನಿಲ್ಲಿಸಿದೆ. ಒಂದು ಮಲಗಿದ್ದು, ಒಂದು ನಿಂತದ್ದು. ಇದಕ್ಕೆ ಡೈವರ್ಸಿಟಿ ಅಂತ ಹೆಸರು.

ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಕ್ಕ ನನ್ನ ಸೆಟ್‌ನಲ್ಲಿ ಎರಡು ರಿಸೀವರ್ ಇವೆ, ಎರಡೂ ಒಂದೇ ತಾಳಕ್ಕೆ ಓಡುತ್ತವೆ. ಡೈಪೋಲ್ ಎಡಗಿವಿಗೆ, ಕಂಬ ಬಲಗಿವಿಗೆ. ಮೆದುಳು ಎರಡನ್ನೂ ಕೂಡಿಸಿ ಒಂದು ಮಾಡಿಕೊಳ್ಳುತ್ತದೆ. ದನಿ ಮಾಯವಾಗುವುದಿಲ್ಲ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತದೆ, ಅದರ ಹಿಂದೆಯೇ ನನ್ನ ತಲೆಯೂ ವಾಲುತ್ತದಂತೆ. ಹೆಂಡತಿ ಮೊದಲ ಸಲ ನೋಡಿದಾಗ ಕತ್ತಿಗೆ ಮುಲಾಮು ತಂದುಕೊಟ್ಟಳು.

ಈಗ ಅಮ್ಮನ ವಿಷಯ. ನಮ್ಮಮ್ಮ ಹೆಡ್‌ಫೋನ್ ಹಾಕಿಕೊಂಡವನನ್ನು ಕೂಗುವುದಿಲ್ಲ, ಭುಜ ತಟ್ಟುವುದೂ ಇಲ್ಲ. ಸದ್ದಿಲ್ಲದೆ ಹಿಂದಿನಿಂದ ಬಂದು, ಡಬ್ಬದ ಮುಚ್ಚಳ ತೆಗೆದು ನೋಡುವ ಹಾಗೆ, ಬಲಗಿವಿಯ ಕಪ್ ಎತ್ತಿ ಒಳಗೆ ಮಾತು ಹಾಕುತ್ತಾಳೆ. "ಕಾಫಿ ಕುಡೀತೀಯೇನೋ?" "ಮೋಟರ್ ಹಾಕಿದ್ಯಾ?" ಉತ್ತರ ಬರುವ ತನಕ ಕಪ್ ಬಿಡುವುದಿಲ್ಲ. ಬಾಗಿಲು ನನ್ನ ಬಲಕ್ಕಿದೆ ಅಂತ ಕುರ್ಚಿ ತಿರುಗಿಸಿದೆ. ಸುತ್ತಿ ಬಂದು ಬಲಗಿವಿಯನ್ನೇ ಎತ್ತಿದಳು. ವೈರ್ ಅದಲು ಬದಲು ಮಾಡಿದೆ. ಅಮ್ಮ ಎತ್ತುವ ಹೊತ್ತಿಗೆ ಸಿಗ್ನಲ್ಲೂ ಬಲಕ್ಕೇ ಬಂದಿರುತ್ತದೆ. ಎರಡು ಆಂಟೆನಾ ಒಟ್ಟಿಗೆ ಕೈಕೊಡುವುದು ಅಪರೂಪ ಅಂತ ಪುಸ್ತಕದಲ್ಲಿದೆ, ಆದರೆ ಬರೆದವರು ಅಮ್ಮನನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇವತ್ತು ಆದದ್ದೂ ಅದೇ. ಬ್ರೆಜಿಲ್‌ನವನು ಗದ್ದಲದ ಮಧ್ಯೆ ನನ್ನ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನನ್ನ ಗುರುತಿನ ಹೆಸರು, ಅರ್ಧ ಹಿಡಿದ. "ವಿಕ್ಟರ್ ಯೂನಿಫಾರ್ಮ್ ತ್ರೀ... ಅಗೈನ್, ಅಗೈನ್!" ಮೈಯೆಲ್ಲ ಕಿವಿಯಾಗಿ ಕೂತು ಮತ್ತೆ ಹೇಳಿದೆ. ನನ್ನ ದನಿ ಎಷ್ಟು ಚೆನ್ನಾಗಿ ಕೇಳುತ್ತಿದೆ ಅನ್ನುವ ಅಂಕಿಯ ರಿಪೋರ್ಟ್ ಕೊಡಲು ಅವನು ಶುರು ಮಾಡಿದ, ಎಡಗಿವಿಯಲ್ಲಿ ದನಿ ಇಳಿಯಿತು, ಬಲಕ್ಕೆ ಹೊರಳಿತು, "ಫೈವ್..." ಅಂದ, ಕಪ್ ಮೇಲೆದ್ದಿತು.

"ಉಪ್ಪಿಟ್ಟಿಗೆ ಈರುಳ್ಳಿ ಹಾಕ್ಲಾ ಬೇಡ್ವಾ?"

ಫೈವ್ ಏನು? ಫೈವ್ ತ್ರೀಯೋ, ಫೈವ್ ಸೆವೆನ್ನೋ? ನನ್ನ ಕಾಲ್‌ಸೈನ್ ಪೂರ್ತಿ ಹೇಳಿದನೋ ಇಲ್ಲವೋ? ಕಪ್ ವಾಪಸ್ ಕೂರುವಷ್ಟರಲ್ಲಿ ಅವನು ಯಾವನೋ ಇಟಲಿಯವನ ಜೊತೆ ಇದ್ದ. ಲಾಗ್‌ನಲ್ಲಿ ಏನಂತ ಬರೆಯಲಿ? ಈರುಳ್ಳಿ?

ರೇಗಿದೆ. "ಎಡಗಿವಿಯಲ್ಲಿ ಹೇಳಬಾರದಾ?" ಅಂದೆ. ಅಮ್ಮ ಕೇಳಿಸದೆ ತಲೆ ತಿರುಗಿಸಿದಳು, ಬಲಗಿವಿ ನನ್ನ ಕಡೆಗೆ ಬರುವ ಹಾಗೆ. ಅವಳ ಎಡಗಿವಿ ಮಂದವಾಗಿ ವರ್ಷಗಳಾದವು. ಮನೆಯವರೆಲ್ಲ ಅವಳ ಬಲಕ್ಕೆ ಬಂದೇ ಮಾತಾಡುತ್ತೇವೆ, ಡಾಕ್ಟರು ಕೂಡ. ಮಾತು ಅಂದರೆ ಬಲಗಿವಿಗೆ ಹೇಳುವುದು ಅಂತಲೇ ಅವಳಿಗೆ ರೂಢಿಯಾಗಿದೆ ಅಂತ ಕಾಣುತ್ತದೆ. ಈ ಬದಿ ಮಸುಕಾದರೆ ಆ ಬದಿ ಅನ್ನುವ ಅನುಕೂಲ ಅವಳಿಗಿಲ್ಲ. ಈರುಳ್ಳಿ ಹಾಕು ಅಂದೆ.

ಹಾಗಂತ ಬ್ರೆಜಿಲ್ ಬಿಡಲಿಕ್ಕಾಗುತ್ತದಾ? ನಾಷ್ಟಾ ಮುಗಿಸಿ ಅಂಗಡಿಗೆ ಹೋಗಿ ಒಂದು ಕೆಂಪು ಎಲ್‌ಇಡಿ ಬಲ್ಬ್ ತಂದು ಬಾಗಿಲ ಮೇಲೆ ಹಾಕಿದೆ. ಇದು ಉರಿಯುತ್ತಿದ್ದರೆ ಒಳಗೆ ಬರಬೇಡಮ್ಮ ಅಂತ ಅಮ್ಮನಿಗೆ ಹೇಳಿ, ಸ್ವಿಚ್ ಒತ್ತಿ, ಸೆಟ್ ಮುಂದೆ ಕೂತೆ. ಬ್ಯಾಂಡ್ ತುಂಬ ಗುಂಯ್ ಅಂತ ಒಂದೇ ಸದ್ದು. ಬಲ್ಬ್‌ನೊಳಗಿನ ಅಗ್ಗದ ಸರ್ಕ್ಯೂಟ್‌ನ ಕಾಟ. ನಿಂತ ಆಂಟೆನಾದಲ್ಲಿ ಜೋರು, ಮಲಗಿದ್ದರಲ್ಲಿ ಇನ್ನೂ ಜೋರು. ಎರಡೂ ಕಿವಿಗೆ ಒಂದು ಚೂರೂ ಫೇಡ್ ಆಗದ ಸಿಗ್ನಲ್ ಬಂದದ್ದು ಇದೊಂದೇ.

ಬಲ್ಬ್ ಬಿಚ್ಚಲು ಸ್ಟೂಲ್ ಹತ್ತಿದೆ. ಅಮ್ಮ ಕೆಳಗಿನಿಂದ ಕೇಳಿದಳು, "ತೆಗೀತಿದ್ದೀಯಾ? ದೇವರ ಮನೆಗೆ ಕೊಡು, ಚೆನ್ನಾಗಿದೆ."

ದೇವರ ಮನೆ ರೇಡಿಯೋ ರೂಮಿನ ಗೋಡೆಯಾಚೆಗೇ ಇದೆ.